ಮನೆಯವರಿಗೆಲ್ಲ ಒಂದೇ ವೈರಸ್, ಒಬ್ಬರಿಗೆ ಮಾತ್ರ ಐಸಿಯು: ಯಾಕೆ?

"ನಾಲ್ಕೂ ಜನಕ್ಕೆ ಒಟ್ಟಿಗೇ ಬಂತು. ಮೂವರು ಎರಡು ದಿನ ಮಲಗಿ ಎದ್ದರು, ಗಟ್ಟಿಮುಟ್ಟಾಗಿದ್ದವನೇ ಐಸಿಯು ಸೇರಿದ. ಎಲ್ಲಾ ಜೀನ್‌ನಲ್ಲೇ ಇರುತ್ತಾ?" ಪದೇ ಪದೇ ಎದುರಾಗುವ ಪ್ರಶ್ನೆ ಇದು.

ಎಲ್ಲಾ ಅಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಲಸಿಕೆ ಆಗಿದೆಯೋ ಇಲ್ಲವೋ ಎಂಬುದನ್ನೇ ಮೊದಲು ನೋಡಬೇಕು. ಅವು ಯಾವುವೂ ಹೊಂದದಿದ್ದಾಗ ಜೀನ್ ಸರದಿ. ಅಲ್ಲೂ 'ಇಮ್ಯುನಿಟಿ ಎಷ್ಟಿದೆ' ಅನ್ನುವುದಕ್ಕಿಂತ ಅದು ಎಷ್ಟು ಬೇಗ ಎಚ್ಚರಗೊಳ್ಳುತ್ತದೆ ಅನ್ನುವುದೇ ಮುಖ್ಯ.

ಜೀವಕೋಶದೊಳಗೆ ಇಳಿದ ವೈರಸ್ಸಿನ ಆರ್‌ಎನ್‌ಎಯನ್ನು ಟಿಎಲ್‌ಆರ್3, ಟಿಎಲ್‌ಆರ್7 ಎಂಬ ಪ್ರೋಟೀನುಗಳು ಗುರುತು ಹಿಡಿಯುತ್ತವೆ. ಸುದ್ದಿ ಕೈಯಿಂದ ಕೈಗೆ ದಾಟಿ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನು ತಯಾರಾಗುತ್ತದೆ. ಅದು ತಾಗಿದ ಅಕ್ಕಪಕ್ಕದ ಕೋಶಗಳು ವೈರಸ್ ಬರುವ ಮೊದಲೇ ಸಜ್ಜಾಗುತ್ತವೆ. ಈ ಸರಪಳಿಯ ಒಂದು ಕೊಂಡಿ ಕೆಟ್ಟರೂ ಇಂಟರ್‌ಫೆರಾನ್ ತಡ. ಅಷ್ಟರಲ್ಲಿ ವೈರಸ್ ಬೇಕಾದಷ್ಟು ಬೆಳೆದಿರುತ್ತದೆ, ತಡವಾಗಿ ಎದ್ದ ಉರಿಯೂತ ಶ್ವಾಸಕೋಶವನ್ನೇ ಸುಡುತ್ತದೆ.

2020ರ ಅಧ್ಯಯನವೊಂದರಲ್ಲಿ ಕೋವಿಡ್‌ನಿಂದ ಪ್ರಾಣಾಪಾಯಕ್ಕೆ ಸಿಲುಕಿದ 659 ಜನರಲ್ಲಿ 23 ಮಂದಿಗೆ ಇಂಥ ಕೊಂಡಿ ಕೆಟ್ಟಿತ್ತು. ಟಿಎಲ್‌ಆರ್7ರ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಸರಿಗೆ ಅದರ ಪ್ರತಿ ಒಂದೇ, ಕೆಟ್ಟರೆ ಬದಲಿ ಇಲ್ಲ.

ಅದೇ ವರ್ಷದ ಜೊತೆ ಅಧ್ಯಯನ ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಕೋವಿಡ್‌ನಿಂದ ಪ್ರಾಣಾಪಾಯದಲ್ಲಿದ್ದ 987 ರೋಗಿಗಳಲ್ಲಿ 101 ಜನರ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ಕಟ್ಟಿಹಾಕುವ ಪ್ರತಿಕಾಯಗಳಿದ್ದವು. ಅವರಲ್ಲಿ 95 ಮಂದಿ ಗಂಡಸರು. ಜೀನ್ ವರದಿ ಚೊಕ್ಕಟವಾಗಿದ್ದರೂ ಈ ತೊಂದರೆ ಇರಬಹುದು, ಬೇರೆ ರಕ್ತಪರೀಕ್ಷೆಯಲ್ಲೇ ಹುಡುಕಬೇಕು.

'ಒಳ್ಳೆ ಜೀನ್' ಎಂಬ ಮಾತಿಗೂ ಅರ್ಥ ಕಡಿಮೆ. ಎಚ್‌ಐವಿ ಕೋಶದೊಳಗೆ ನುಗ್ಗಲು ಬಳಸುವ ಬಾಗಿಲನ್ನು ರೂಪಿಸುವ ಸಿಸಿಆರ್5 ಜೀನಿನ ಎರಡೂ ಪ್ರತಿಗಳಲ್ಲಿ ಡಿಎನ್‌ಎಯ 32 ಅಕ್ಷರ ಬಿಟ್ಟುಹೋಗಿದ್ದರೆ ಎಚ್‌ಐವಿಯ ಹೆಚ್ಚಿನ ತಳಿಗಳು ಒಳನುಗ್ಗಲಾರವು. ಅದೇ ಮನುಷ್ಯನಿಗೆ ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ವೈರಸ್ ಬಂದರೆ ಕಾಯಿಲೆ ಜೋರಾಗುವ ಸಂಭವ ಹೆಚ್ಚು. ಟಿಎಲ್‌ಆರ್3 ದೋಷವಿರುವ ಮಗು ಉಳಿದ ಸೋಂಕುಗಳನ್ನು ಸಾಮಾನ್ಯವಾಗಿ ತಡೆದುಕೊಂಡು, ಹರ್ಪಿಸ್ ಮಿದುಳಿಗೇರಿದಾಗ ಮಾತ್ರ ಕುಸಿಯಬಹುದು.

ಹಾಗಾದರೆ ಪರೀಕ್ಷೆ ಯಾರಿಗೆ? ವರ್ಷಕ್ಕೆ ನಾಲ್ಕು ಸಲ ನೆಗಡಿ ಆಗುವವರಿಗಲ್ಲ. ಆರೋಗ್ಯವಾಗಿದ್ದ ಮಗುವಿಗೋ ಯುವಕನಿಗೋ ಫ್ಲೂನಿಂದ ವೆಂಟಿಲೇಟರ್ ಬೇಕಾದರೆ, ಹರ್ಪಿಸ್ ಮಿದುಳಿನ ಉರಿಯೂತವಾದರೆ, ದಡಾರದಂಥ ಸಜೀವ ಲಸಿಕೆಯ (ದುರ್ಬಲಗೊಳಿಸಿದ ಜೀವಂತ ವೈರಸ್ ಇರುವ ಲಸಿಕೆ) ನಂತರ ತೀವ್ರ ಕಾಯಿಲೆಯಾದರೆ ಇಮ್ಯುನಾಲಜಿಸ್ಟ್ (ರೋಗನಿರೋಧಕ ಶಕ್ತಿಯ ತಜ್ಞರು) ಬಳಿ ಎಕ್ಸೋಮ್ ಪರೀಕ್ಷೆ, ಅಂದರೆ ಪ್ರೋಟೀನು ರೂಪಿಸುವ ಜೀನ್ ಭಾಗಗಳನ್ನು ಓದುವ ಪರೀಕ್ಷೆ ಕೇಳಿ. ವರದಿಯಲ್ಲಿ 'ಅರ್ಥ ಅನಿಶ್ಚಿತ' ಎಂಬ ಬದಲಾವಣೆ ಬಂದರೆ ಗಾಬರಿಬಿದ್ದು ತೀರ್ಮಾನಕ್ಕೆ ಬರಬೇಡಿ. ರೋಗಿಯ ಕೋಶಗಳು ನಿಜಕ್ಕೂ ಇಂಟರ್‌ಫೆರಾನ್ ಮಾಡುತ್ತವೆಯೇ, ಅದಕ್ಕೆ ಸ್ಪಂದಿಸುತ್ತವೆಯೇ ಎಂದು ಲ್ಯಾಬ್‌ನಲ್ಲಿ ನೋಡಬೇಕು. ದೋಷ ಖಚಿತವಾದರೆ ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು, ಅವರಿಗೆ ಸಜೀವ ಲಸಿಕೆ ಹಾಕಿಸುವ ಮೊದಲೇ.