ರೈನ್ ಚೆಕ್ ಅಂದವರನ್ನು ಮತ್ತೆ ಕರೆಯಬೇಕಾ?

ಅಮೆರಿಕದಲ್ಲಿ ಆಫೀಸಿನವರನ್ನು ಶನಿವಾರ ಮನೆಗೆ ಊಟಕ್ಕೆ ಕರೆದು ನೋಡಿ. ಬರೋಕೆ ಆಗದಿದ್ದರೆ ಎಷ್ಟೋ ಜನ ನೇರವಾಗಿ ಆಗಲ್ಲ ಅನ್ನಲ್ಲ, 'ಕ್ಯಾನ್ ಐ ಟೇಕ್ ಎ ರೈನ್ ಚೆಕ್?' ಅಂತಾರೆ. ಈ ಸಲ ಬೇಡ, ಇನ್ನೊಂದು ಸಲ ಬರ್ತೀನಿ ಅಂತ. ಊಟಕ್ಕೂ ಮಳೆಗೂ ಏನು ನಂಟು ಅನ್ನಿಸುತ್ತೆ, ಅಲ್ವಾ?

ಇದು ಬೇಸ್‌ಬಾಲ್ ಮೈದಾನದಿಂದ ಬಂದ ಮಾತು. 1880ರ ದಶಕದಲ್ಲಿ ಮಳೆಯಿಂದ ಆಟ ನಿಂತುಹೋದರೆ, ದುಡ್ಡು ಕೊಟ್ಟು ಬಂದವರಿಗೆ ಇನ್ನೊಂದು ದಿನ ಆಟ ನೋಡಲು ಚೀಟಿ ಕೊಡುತ್ತಿದ್ದರು, ಅದೇ ರೈನ್ ಚೆಕ್. ನ್ಯೂ ಆರ್ಲಿನ್ಸ್‌ನ ಬೇಸ್‌ಬಾಲ್ ತಂಡ ನಡೆಸುತ್ತಿದ್ದ ಏಬ್ನರ್ ಪೊವೆಲ್ ಬಗ್ಗೆ ಒಂದು ಕತೆಯೇ ಇದೆ. ಆಗ ಅಲ್ಲಿ ಟಿಕೆಟ್ ಅಂದರೆ ಗಟ್ಟಿ ರಟ್ಟು, ಗೇಟಿನಲ್ಲಿ ವಾಪಸ್ ತಗೊಂಡು ಮತ್ತೆ ಮಾರುತ್ತಿದ್ದರಂತೆ. ಮಳೆ ಬಂದು ಎಲ್ಲರೂ ಮರುಟಿಕೆಟ್‌ಗೆ ನಿಂತರೆ, ಬೇಲಿ ಹಾರಿ ಬಂದವರು, ಪುಕ್ಕಟೆ ಪಾಸಿನವರು ಎಲ್ಲ ಸೇರಿ ದುಡ್ಡು ಕೊಟ್ಟವರಿಗಿಂತ ಕ್ಯೂನಲ್ಲಿದ್ದವರೇ ಜಾಸ್ತಿ! ಅದಕ್ಕೇ ಹರಿದು ಕೈಗಿಡುವ ತುಂಡಿರುವ ಟಿಕೆಟ್ ಮಾಡಿಸಿದನಂತೆ. ಅವನಿಗಿಂತ ಮೊದಲೇ ಬೇರೆ ಊರುಗಳಲ್ಲಿ ರೈನ್ ಚೆಕ್ ಇತ್ತು, ಆದರೆ ಬೇಲಿ ಹಾರುವವರ ಕತೆ ಬಿಡೋಕೆ ಯಾರಿಗೆ ಮನಸ್ಸು ಬರುತ್ತೆ?

ಇಲ್ಲಿನ ಕೆಲವು ದಿನಸಿ ಅಂಗಡಿಗಳಲ್ಲೂ ಈ ಚೀಟಿ ಉಂಟು. ಸೇಲ್‌ನಲ್ಲಿದ್ದ ಮೊಸರಿನ ಡಬ್ಬಿ ಖಾಲಿಯಾಗಿದ್ದರೆ ಕೌಂಟರಿನಲ್ಲಿ ಕೇಳಬೇಕು. ಸಾಮಾನಿನ ಹೆಸರು, ಸೇಲ್ ಬೆಲೆ, ಎಷ್ಟು ಕೊಳ್ಳಬಹುದು, ಯಾವತ್ತಿನವರೆಗೆ ನಡೆಯುತ್ತೆ, ಎಲ್ಲ ಬರೆದುಕೊಡ್ತಾರೆ. ಸ್ಟಾಕ್ ಬಂದ ಮೇಲೆ ಅದೇ ಬೆಲೆಗೆ ತರಬಹುದು.

ಮೈದಾನದಲ್ಲೂ ಅಂಗಡಿಯಲ್ಲೂ ಚೀಟಿ ಕೊಟ್ಟವರು ಮಾತು ಉಳಿಸಿಕೊಳ್ಳಬೇಕು. ಊಟದ ವಿಷಯದಲ್ಲಿ ಮಾತ್ರ ವಿಚಿತ್ರ ನೋಡಿ: ಬರಲ್ಲ ಅಂದವರು ಅವರು, ಆದರೆ ಮತ್ತೆ ಅಡುಗೆ ಮಾಡಿ ಕರೆಯಬೇಕಾದವರು ನಾವು! ಚೀಟಿಯಲ್ಲಿ ತಾರೀಖೂ ಇರಲ್ಲ. ನಮ್ಮೂರಲ್ಲಿ 'ನೋಡೋಣ, ಬಿಡುವು ಮಾಡ್ಕೊಂಡು ಬರ್ತೀನಿ' ಅಂತಾರಲ್ಲ, ಹೆಚ್ಚುಕಮ್ಮಿ ಅದೇ.

ಹಾಗಾಗಿ ನಾನು ಗಮನಿಸುವುದು ಅದರ ಮುಂದಿನ ಮಾತನ್ನು. ಈಚೆಗೆ ಬಿಸಿಬೇಳೆಬಾತ್‌ಗೆ ಇಬ್ಬರನ್ನು ಕರೆದಿದ್ದೆ, ಇಬ್ಬರೂ ರೈನ್ ಚೆಕ್ ಅಂದರು. ಒಬ್ಬರು ಅಲ್ಲೇ ಫೋನ್ ತೆಗೆದು 'ಮುಂದಿನ ಭಾನುವಾರ ಆಗುತ್ತಾ?' ಅಂತ ಕೇಳಿ, ಬಂದರು, ಎರಡನೇ ಸಲ ಬಡಿಸಿಕೊಂಡು ಉಂಡರು. ಇನ್ನೊಬ್ಬರು ಕಾಫಿ ಕಪ್ ಹಿಡಿದು ನಗುತ್ತಾ ಹೋದರು. ಅವರನ್ನು ಇನ್ನೊಂದು ಸಲ ಕರೀತೀನಿ. ಆಗಲೂ ಮಳೆ ಅಂದರೆ, ಮುಂದೆ ಕರೆಯೋದು ಅವರ ಸರದಿ.