ಗಮ್‌ಬೂಟಿನಲ್ಲಿ ಅಲಾಸ್ಕಾ

ಮದುವೆಯಾಗಿ 25 ವರ್ಷ ತುಂಬುತ್ತಿತ್ತು. ಅಂದರೆ ರಜಕ್ಕೆ ಎಲ್ಲಿಗೆ ಹೋಗೋದು ಅಂತ ಜಗಳ ಆಡೋದರಲ್ಲೂ ನಮಗೆ ಅಷ್ಟೇ ವರ್ಷದ ಅನುಭವ. ನನಗೆ ಅಲಾಸ್ಕಾ ಕ್ರೂಸ್ ಬೇಕಿತ್ತು. ಯಾರೋ ಅಡುಗೆ ಮಾಡಬೇಕು, ಯಾರೋ ಹಾಸಿಗೆ ಹಾಸಬೇಕು, ನಾನು ಸುಮ್ನೆ ಕೂತು ಹಿಮನದಿ ನೋಡಬೇಕು. ಇವರಿಗೆ ಬೇಕಿದ್ದದ್ದು ಆರ್‌ವಿ, ಅಂದರೆ ಒಲೆ, ಹಾಸಿಗೆ, ಟಾಯ್ಲೆಟ್ ಎಲ್ಲ ಒಳಗೇ ಇರೋ ಮನೆಯಂಥ ಗಾಡಿ. ಸ್ಟೀರಿಂಗ್ ಕೈಯಲ್ಲಿ ಇಲ್ಲದಿದ್ದರೆ ಅದು ಪ್ರವಾಸವೇ ಅಲ್ಲ ಅನ್ನೋ ಪೈಕಿ ನಮ್ಮವರು. ಕೊನೆಗೆ ರಾಜಿಯಾಯಿತು. ಮೊದಲು ಅಮೆರಿಕದ ಆರೆಗಾನ್ ಕರಾವಳಿಯಲ್ಲಿ ಆರ್‌ವಿ, ಆಮೇಲೆ ಸಿಯಾಟಲ್‌ನಿಂದ ಹಡಗು.

ಪೋರ್ಟ್‌ಲ್ಯಾಂಡ್‌ನಲ್ಲಿ ಗಾಡಿ ತಗೊಂಡೆವು. 25 ಅಡಿ ಉದ್ದ, ಹತ್ತಿರ ಹತ್ತಿರ 12 ಅಡಿ ಎತ್ತರ. ಇಷ್ಟು ದೊಡ್ಡದಕ್ಕೂ ಮಾಮೂಲಿ ಕಾರಿನ ಲೈಸೆನ್ಸ್ ಸಾಕಂತೆ. ನನಗೆ ಅದು ಇನ್ನೂ ಅರಗಿಲ್ಲ. ಬಾಡಿಗೆಗೆ ಕೊಟ್ಟ ಹುಡುಗ ತಾಳ್ಮೆಯಿಂದ ಎಲ್ಲ ತೋರಿಸಿದ. ಇದು ಕುಡಿಯೋ ನೀರಿನ ಟ್ಯಾಂಕ್, ಇದು ಸ್ನಾನ, ಪಾತ್ರೆ ತೊಳೆದ ನೀರು ಹೋಗೋ ಗ್ರೇ ಟ್ಯಾಂಕ್, ಇದು ಬ್ಲ್ಯಾಕ್ ಟ್ಯಾಂಕ್. ಬ್ಲ್ಯಾಕ್ ಅಂದರೆ ಏನು ಅಂತ ನಾನು ಕೇಳಲಿಲ್ಲ, ಅವನೂ ಬಿಡಿಸಿ ಹೇಳಲಿಲ್ಲ. ಇವರು ಪ್ರತಿಯೊಂದಕ್ಕೂ 'ಗೊತ್ತು, ಗೊತ್ತು' ಅಂದರು.

ಯೂಜೀನ್ ದಾಟಿ 126ನೇ ಹೆದ್ದಾರಿಯಲ್ಲಿ ಬೆಟ್ಟ ಇಳಿಯುವಾಗ ಒಂದು ತಿರುವಿನಲ್ಲಿ ಫ್ರಿಜ್ಜಿನ ಬಾಗಿಲು ತೆರೆದುಕೊಂಡು ಮೊಸರಿನ ಡಬ್ಬಿ ಡ್ರೈವರ್ ಸೀಟಿನ ತನಕ ಬಂತು. ಮುಚ್ಚಳ ಬೇರೆ ದಾರಿಯಲ್ಲಿ ಬಂತು. ಅವತ್ತಿನಿಂದ ಹೊರಡೋ ಮುಂಚೆ ಪ್ರತಿ ಕಪಾಟಿನ ಚಿಲಕ ಒತ್ತಿ ನೋಡೋದು ನನ್ನ ಕೆಲಸ, ಬಾಗಿಲ ಹೊರಗಿನ ಹತ್ತೋ ಸ್ಟೆಪ್ ಒಳಗೆ ಹೋಗಿದೆಯಾ ಅಂತ ನೋಡೋದು ಇವರ ಕೆಲಸ. ಡ್ರೈವರ್ ಅವರು, ಕಂಡಕ್ಟರ್ ನಾನು, ಕ್ಲೀನರ್ ಇಬ್ಬರೂ.

ಪೆಟ್ರೋಲ್ ಬಂಕಿನಲ್ಲೂ ಒಂದು ತಮಾಷೆ. ಆರೆಗಾನ್‌ನಲ್ಲಿ 1951ರಿಂದ ಗಿರಾಕಿಗಳು ತಮ್ಮ ಗಾಡಿಗೆ ತಾವೇ ಪೆಟ್ರೋಲ್ ಹಾಕಿಕೊಳ್ಳುವಂತಿರಲಿಲ್ಲ. ಎಲ್ಲ ಕಡೆಗೂ ಆ ನಿರ್ಬಂಧ ಹೋಗಿದ್ದು 2023ರಲ್ಲಿ. ಇವರು ಇದನ್ನೆಲ್ಲ ಓದಿಕೊಂಡು ಬಂದಿದ್ದರು, ಹೊಸ ಹಕ್ಕು ಚಲಾಯಿಸೋಣ ಅಂತ ಜಂಬದಿಂದ ಇಳಿದರು. ಅಷ್ಟರಲ್ಲಿ ಬಂಕಿನ ತಾತ ಬಂದು ಕೈಯಿಂದ ನಳಿಕೆ ಕಿತ್ತುಕೊಂಡು ತಾನೇ ಹಾಕತೊಡಗಿದ. ನಾವು ನಿಂತಿದ್ದದ್ದು ಅವನ ಸಾಲಿನಲ್ಲಿ ಅಂತೆ. ಗ್ಯಾಲನ್ನಿಗೆ ಎಂಟು ಹತ್ತು ಮೈಲಿ ಕೊಡೋ ಗಾಡಿ ಅದು. ಮೀಟರ್ ತಿರುಗುತ್ತಲೇ ಇತ್ತು, ತಾತ ತನ್ನ ಮೊಮ್ಮಕ್ಕಳ ಕಥೆಯನ್ನು ಅರ್ಧ ಮುಗಿಸಿದ.

ಸಂಜೆ ಫ್ಲಾರೆನ್ಸ್ ಹತ್ತಿರದ ಹನಿಮನ್ ಸ್ಟೇಟ್ ಪಾರ್ಕ್ ಸೇರಿದೆವು. ಮರಳಿನ ದೊಡ್ಡ ದಿಬ್ಬಗಳು, ಮಧ್ಯದಲ್ಲಿ ಕೆರೆ. ಆದರೆ ನೋಡೋಕೆ ಪುರುಸೊತ್ತು ಎಲ್ಲಿ? ಗಾಡಿಯನ್ನು ರಿವರ್ಸ್‌ನಲ್ಲಿ ಎರಡು ಮರಗಳ ನಡುವೆ ತಳ್ಳಬೇಕಿತ್ತು. ಕ್ಯಾಂಪ್‌ಗ್ರೌಂಡಿನ ಜನಕ್ಕೆ ಹೊಸಬರು ಗಾಡಿ ನಿಲ್ಲಿಸೋದನ್ನು ನೋಡೋದೇ ಸಂಜೆಯ ಮನರಂಜನೆ. ಮಡಚೋ ಕುರ್ಚಿಗಳು ನಮ್ಮ ಕಡೆ ತಿರುಗಿದವು. ನಾನು ಹಿಂದೆ ನಿಂತು ನಮ್ಮ ಬಸ್ ಕಂಡಕ್ಟರ್‌ಗಳ ಹಾಗೆ 'ರೈಟ್, ರೈಟ್' ಅಂತ ಶುರು ಮಾಡಿದೆ. ಪಕ್ಕದ ಸೈಟಿನ ಅಜ್ಜ ಸಹಾಯ ಮಾಡೋಣ ಅಂತ ಎದ್ದು ಬಂದು, ನನ್ನ ಮಾತು ಕೇಳಿ ಎರಡೂ ಕೈಯಲ್ಲಿ ಬಲಕ್ಕೆ ಬಲಕ್ಕೆ ಅಂತ ತೋರಿಸತೊಡಗಿದ. ಇವರು ಕನ್ನಡಿಯಲ್ಲಿ ಅಜ್ಜನನ್ನು ನೋಡಿ ಬಲಕ್ಕೆ ತಿರುಗಿಸಿದರು. ಬಲಕ್ಕೆ ಪಿಕ್ನಿಕ್ ಟೇಬಲ್ ಇತ್ತು. 'ಹೋಲ್ಡಾನ್!' ಅಂತ ನಾನು ಕಿರುಚಿದ್ದು ಕೆರೆಯ ಆಚೆ ದಡಕ್ಕೂ ಕೇಳಿಸಿರಬೇಕು. ಟೇಬಲ್ಲಿಗೂ ಬಂಪರ್‌ಗೂ ಮಧ್ಯೆ ನನ್ನ ಅಂಗೈ ಹಿಡಿಸುವಷ್ಟು ಜಾಗ ಉಳಿದಿತ್ತು. ಅಜ್ಜ ಚಪ್ಪಾಳೆ ತಟ್ಟಿದ.

ಅಲ್ಲಿ ಮನಸ್ಸು ಬಂದಷ್ಟು ದಿನ ಇದ್ದೆವು. ಇದ್ದಷ್ಟೂ ದಿನ ಬ್ಲ್ಯಾಕ್ ಟ್ಯಾಂಕ್, ಅಂದರೆ ಟಾಯ್ಲೆಟ್ಟಿನದ್ದು, ತುಂಬುತ್ತಾ ಬಂತು. ಗೋಡೆ ಮೇಲಿನ ಪ್ಯಾನೆಲ್‌ನಲ್ಲಿ ಒಂದೊಂದೇ ದೀಪ ಹತ್ತುತ್ತಿತ್ತು, ಇವರು 'ಇನ್ನೂ ಇದೆ ಜಾಗ' ಅನ್ನುತ್ತಿದ್ದರು. ಕೊನೆಯ ದೀಪವೂ ಹತ್ತಿದಾಗ ಡಂಪ್ ಸ್ಟೇಷನ್‌ಗೆ ಹೋಗಲೇಬೇಕಾಯಿತು.

ಡಂಪ್ ಸ್ಟೇಷನ್ ಅಂದರೆ ಸಿಮೆಂಟು ನೆಲದಲ್ಲಿ ಒಂದು ತೂತು, ಅದಕ್ಕೊಂದು ಮುಚ್ಚಳ, ಪಕ್ಕದಲ್ಲಿ ತೊಳೆಯೋ ನಲ್ಲಿ, ಹಿಂದೆ ಗಾಡಿಗಳ ಸಾಲು. ಪೈಪಿನ ಒಂದು ತುದಿ ತೂತಿಗೆ, ಇನ್ನೊಂದು ತುದಿ ಗಾಡಿಗೆ. ಗಾಡಿಯ ಕಡೆ ನಾಲ್ಕು ಸಣ್ಣ ಮೊಳೆಗಳಿರುತ್ತವೆ, ಪೈಪಿನ ಕೊಕ್ಕೆಗಳನ್ನು ಅವಕ್ಕೆ ಸಿಕ್ಕಿಸಿ ಬಿಗಿಯಾಗಿ ತಿರುಗಿಸಬೇಕು. ಮೊದಲು ಬ್ಲ್ಯಾಕ್ ವಾಲ್ವ್ ಎಳೆಯಬೇಕು, ಆಮೇಲೆ ಗ್ರೇ. ಸೋಪಿನ ನೀರು ಕೊನೆಗೆ ಬಂದು ಪೈಪನ್ನು ತೊಳೆದುಕೊಂಡು ಹೋಗುತ್ತೆ. ಇವರಿಗೆ ಕ್ರಮ ಬಾಯಿಪಾಠ ಆಗಿತ್ತು. ಕೊಕ್ಕೆಗಳಲ್ಲಿ ಮಾತ್ರ ಎರಡೇ ಸಿಕ್ಕಿದ್ದವು.

ವಾಲ್ವ್ ಎಳೆದರು. ಪೈಪು ಒಮ್ಮೆ ಮೈಮುರಿದುಕೊಂಡ ಹಾಗೆ ಅಲುಗಾಡಿತು, ಗುಳುಗುಳು ಅಂತು, ಆಮೇಲೆ ಕಳಚಿಕೊಂಡಿತು.

ನಮ್ಮವರನ್ನು ಹೊಗಳಲೇಬೇಕು, ಓಡಲಿಲ್ಲ. ಅಲ್ಲೇ ನಿಂತು ವಾಲ್ವನ್ನು ಒಳಕ್ಕೆ ತಳ್ಳಿದರು. ಓಡಿದ್ದು ನಾನು. ಹಿಂದಿನ ಗಾಡಿಯ ಹೆಂಗಸು ಒಂದು ಮಾತೂ ಆಡದೆ ಇಳಿದು ಬಂದು ಒಂದು ಡಬ್ಬಿ ಕೈಗವಸು ಕೊಟ್ಟು, 'ಎಲ್ಲರಿಗೂ ಒಂದು ಸಲ ಆಗುತ್ತೆ' ಅಂದಳು. ನೆಲ ತೊಳೆದೆವು, ಪೈಪು ತೊಳೆದೆವು, ಇವರನ್ನೂ ತೊಳೆದೆವು. ಶೂ ಮಾತ್ರ ತೊಳೆಯೋ ಸ್ಥಿತಿಯಲ್ಲಿ ಇರಲಿಲ್ಲ. ಎರಡು ಕವರಿನಲ್ಲಿ ಕಟ್ಟಿ ಕಸದ ಡಬ್ಬಿಗೆ ಹಾಕಿದೆವು. ಅದು ಕಪ್ಪು ಲೆದರ್ ಶೂ. ನಡೆಯೋಕೂ ಆಗುತ್ತೆ, ಹಡಗಿನಲ್ಲಿ ಸೂಟಿಗೂ ಆಗುತ್ತೆ ಅಂತ ಇವರು ತಂದಿದ್ದ ಒಂದೇ ಜೊತೆ.

ಅಲ್ಲಿಂದ ಉತ್ತರಕ್ಕೆ 101ನೇ ಹೆದ್ದಾರಿ. ಒಂದು ಕಡೆ ಕಾಡು, ಇನ್ನೊಂದು ಕಡೆ ಪೆಸಿಫಿಕ್, ಮಧ್ಯೆ ರಬ್ಬರ್ ಚಪ್ಪಲಿಯಲ್ಲಿ ಇವರು. ಸೀ ಲಯನ್ ಕೇವ್ಸ್‌ನಲ್ಲಿ ಲಿಫ್ಟಿನಲ್ಲಿ ಸಮುದ್ರದ ಮಟ್ಟದ ಗುಹೆಗೆ ಇಳಿಸುತ್ತಾರೆ. ಬೇಸಿಗೆ ಶುರುವಾಗಿದ್ದರಿಂದ ಸೀ ಲಯನ್‌ಗಳು, ಸೀಲ್‌ಗಳ ಥರದ ಸಮುದ್ರ ಪ್ರಾಣಿಗಳು, ಹೊರಗಿನ ಬಂಡೆಗಳ ಮೇಲೆ ಬಿಸಿಲು ಕಾಯಿಸಿಕೊಂಡು ಗದ್ದಲ ಮಾಡುತ್ತಿದ್ದವು. ವಾಸನೆ ಮಾತ್ರ ಒಳಗೇ ಬಿಟ್ಟು ಹೋಗಿದ್ದವು. ಎಲ್ಲರೂ ಮೂಗು ಮುಚ್ಚಿಕೊಂಡರು. ನಾವಿಬ್ಬರೂ ಮುಚ್ಚಿಕೊಳ್ಳಲಿಲ್ಲ. ಬೆಳಗಿನದನ್ನು ನೋಡಿದವರಿಗೆ ಇದೇನು ಮಹಾ, ಅಲ್ವಾ?

ಹೆಸೆಟಾ ಹೆಡ್‌ನ ದೀಪಸ್ತಂಭ 1894ರದ್ದು. ಕೆಳಗಿನ ಪಾರ್ಕಿಂಗ್‌ನಿಂದ ಏರು ದಾರಿ, ಚಪ್ಪಲಿ ಪ್ರತಿ ಹೆಜ್ಜೆಗೂ ಪಟ್ ಪಟ್ ಅನ್ನುತ್ತಿತ್ತು. ಮೇಲೆ ಗಾಳಿ ಎಷ್ಟಿತ್ತು ಅಂದರೆ ಒಂದು ಚಪ್ಪಲಿ ಇವರನ್ನು ಬಿಟ್ಟು ಮುಂದೆ ಹೋಯಿತು. ನ್ಯೂಪೋರ್ಟ್ ತಲುಪುವಾಗ ಅದೂ ಬಾರು ಕಿತ್ತುಕೊಂಡಿತು. ಯಾಕ್ವಿನಾ ಕೊಲ್ಲಿಯ ಮೇಲೆ 1936ರ ಸೇತುವೆ ಇದೆ, ಕಮಾನುಗಳ ಚಂದ ನೋಡುತ್ತಾ ನಿಲ್ಲಬಹುದು. ನಾವು ನಿಲ್ಲಲಿಲ್ಲ. ಬಂದರಿನಲ್ಲಿ ಮೀನುಗಾರರ ಸಾಮಾನು ಮಾರುವ ಅಂಗಡಿ ಕಂಡಿತ್ತು. ಇವರು ಮೊಣಕಾಲಿನ ತನಕ ಬರೋ ಕಂದು ಬಣ್ಣದ ರಬ್ಬರ್ ಗಮ್‌ಬೂಟು ಹಾಕಿಕೊಂಡು ಹೊರಗೆ ಬಂದರು. ಮುಖದಲ್ಲಿ ಸಾಮ್ರಾಜ್ಯ ಗೆದ್ದ ಕಳೆ. ಮುಂದಿನ ಸಲ ಡಂಪ್ ಸ್ಟೇಷನ್‌ಗೆ ಹೋದಾಗ ಇವರು ಎಷ್ಟು ನಿರ್ಭಯವಾಗಿ ನಿಂತಿದ್ದರು ಅಂದರೆ, ಪೈಪು ಕೂಡ ಹೆದರಿ ಸರಿಯಾಗಿ ಕೂತಿತು.

ಒಗ್ಗರಣೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಬೆವರ್ಲಿ ಬೀಚ್‌ನಲ್ಲಿ ಹಸಿವಾಗಿ ತಡರಾತ್ರಿ ಸಾರು ಮಾಡೋಕೆ ಹೋದೆ. ಆರ್‌ವಿಯ ಒಲೆಗೂ ಹೊಗೆಯ ಅಲಾರಮ್ಮಿಗೂ ನಡುವೆ ಒಂದು ಮಾರು ದೂರವೂ ಇಲ್ಲ. ಸಾಸಿವೆ ಸಿಡಿಯಿತು, ಒಣಮೆಣಸಿನಕಾಯಿ ಬಿತ್ತು, ಅಲಾರಂ ಊರೆಲ್ಲ ಎಬ್ಬಿಸಿತು. ರಾತ್ರಿ ಹತ್ತಾದ ಮೇಲೆ ಗಲಾಟೆ ಮಾಡಬಾರದು ಅನ್ನೋದು ಅಲ್ಲಿಯ ನಿಯಮ. ಇವರು ಬೂಟು ಹಾಕಿಕೊಂಡೇ ಡೈನಿಂಗ್ ಸೀಟಿನ ಮೇಲೆ ಹತ್ತಿ ಅಲಾರಮ್ಮಿಗೆ ಟವೆಲ್ ಬೀಸಿದರು. ನಾನು ಬಾಗಿಲು ತೆಗೆದು ಕೆಮ್ಮುತ್ತಾ ನಿಂತೆ. ಕತ್ತಲಲ್ಲಿ ಯಾರೋ, 'ಏನು ಅಡುಗೆ? ಘಮ ಚೆನ್ನಾಗಿದೆ' ಅಂದರು. ಬಯ್ಯುತ್ತಾರೆ ಅಂದುಕೊಂಡಿದ್ದೆ.

ಅಸ್ಟೋರಿಯಾ ತನಕ ಹೋಗಿ, ಕೊಲಂಬಿಯಾ ನದಿ ಸಮುದ್ರ ಸೇರೋದನ್ನು ನೋಡಿ, ಪೋರ್ಟ್‌ಲ್ಯಾಂಡ್‌ನಲ್ಲಿ ಗಾಡಿ ಒಪ್ಪಿಸಿ ಸಿಯಾಟಲ್ ಟ್ರೈನ್ ಹತ್ತಿದೆವು. ದಾರಿಯಲ್ಲಿ ಶೂ ಕೊಳ್ಳೋಣ ಅಂತ ನಾನು ಹೇಳಿದ್ದೇ ಹೇಳಿದ್ದು. ಬೂಟು ಗಟ್ಟಿ ಇದೆಯಲ್ಲ ಅನ್ನೋದು ಇವರ ವಾದ.

ಇನ್ನು ನನ್ನ ಸರದಿ. ಹಡಗು.

ಹತ್ತುವಾಗಲೇ ನಮ್ಮ ಎಕ್ಸ್‌ಟೆನ್ಶನ್ ಬೋರ್ಡನ್ನು ತಪಾಸಣೆಯಲ್ಲಿ ತೆಗೆದಿಟ್ಟುಕೊಂಡರು. ಸರ್ಜ್ ಪ್ರೊಟೆಕ್ಟರ್ ಇರುವಂಥದ್ದು ಹಡಗಿನಲ್ಲಿ ನಡೆಯೋದಿಲ್ಲ, ಬೆಂಕಿಯ ಭಯ. ರೂಮಿಗೆ ಹೋದರೆ ಹಾಸಿಗೆ ಹಾಸಿತ್ತು, ಟವೆಲ್ಲು ಆನೆಯಾಗಿ ಕೂತಿತ್ತು. ನನಗೆ ಸ್ವರ್ಗ. ಇವರಿಗೆ ಮಾತ್ರ ಕೈ ಕಟ್ಟಿದ ಹಾಗಾಯಿತು. ಮೊದಲು ರೂಮಿನ ಕಪಾಟುಗಳ ಚಿಲಕ ಹುಡುಕಿದರು. ಆಮೇಲೆ ಬೆಳಿಗ್ಗೆ ರೂಮಿನ ಹುಡುಗ ಬರೋ ಮುಂಚೆ ತಾವೇ ಹಾಸಿಗೆ ಸರಿ ಮಾಡಿಟ್ಟರು. ಟಾಯ್ಲೆಟ್ ಫ್ಲಶ್ ಒತ್ತಿದರೆ ನಿರ್ವಾತದಲ್ಲಿ ಎಳೆದುಕೊಳ್ಳೋ ಆ ಭಯಂಕರ ಸದ್ದು ಕೇಳಿ, 'ಇದೆಲ್ಲ ಎಲ್ಲಿಗೆ ಹೋಗುತ್ತೆ?' ಅಂತ ಕೌಂಟರಿಗೇ ಹೋಗಿ ಕೇಳಿದರು. ಬೆಳಗಿನಿಂದ ವೈಫೈ ಮತ್ತು ಊಟದ ಟೇಬಲ್ ಬಗ್ಗೆ ಉತ್ತರ ಹೇಳಿ ಸಾಕಾಗಿದ್ದ ಹುಡುಗಿ ಪಾಪ ಕುತೂಹಲದಿಂದ ಫೋನ್ ಮಾಡಿ ವಿಚಾರಿಸಿದಳು. ಹಡಗಿನಲ್ಲೇ ಶುದ್ಧ ಮಾಡೋ ಘಟಕ ಇದೆಯಂತೆ, ಅಲಾಸ್ಕಾದ ನೀರಿನಲ್ಲಿ ಆ ವಿಷಯಕ್ಕೆ ನಿಯಮಗಳು ಬಿಗಿಯಂತೆ. ಇವರು ಅವತ್ತು ನೆಮ್ಮದಿಯಾಗಿ ನಿದ್ದೆ ಮಾಡಿದರು.

ನಾನು ಮಾಡಲಿಲ್ಲ. ನೋಟ ಚೆನ್ನಾಗಿರಲಿ ಅಂತ ಹಟ ಮಾಡಿ ಹಡಗಿನ ಮೂತಿಯ ಕಡೆ, ಮೇಲಿನ ಮಹಡಿಯಲ್ಲಿ ರೂಮ್ ತಗೊಂಡವಳು ನಾನೇ. ಜಲಸಂಧಿ ದಾಟಿ ತೆರೆದ ಸಮುದ್ರಕ್ಕೆ ಬಿದ್ದ ಮೇಲೆ ಎಲ್ಲಕ್ಕಿಂತ ಜಾಸ್ತಿ ಕುಣಿಯೋದು ಅದೇ ಜಾಗ. ಮಾರನೇ ದಿನ ಇಡೀ ಹಡಗು ತಿಂದಿತು, ನಾನು ಹಸಿರು ಸೇಬು ಮತ್ತು ಒಣ ಬಿಸ್ಕತ್ತು ಕಚ್ಚುತ್ತಾ ಮಲಗಿದ್ದೆ. ಇವರಿಗೆ ಮಾಡೋಕೆ ಒಂದು ಕೆಲಸ ಸಿಕ್ಕಿತು ನೋಡಿ! ನೀರು, ಸೇಬು, ತಲೆದಿಂಬು, ಗಂಟೆಗೊಮ್ಮೆ 'ಈಗ ಹೇಗಿದೆ?'. ಆರ್‌ವಿ ಬಿಟ್ಟ ಮೇಲೆ ಅವರ ಮುಖ ಅಷ್ಟು ಅರಳಿದ್ದನ್ನು ನಾನು ಅವತ್ತೇ ನೋಡಿದ್ದು.

ಫಾರ್ಮಲ್ ನೈಟ್ ಬಂತು, ಅಂದರೆ ಹಡಗಿನಲ್ಲಿ ಎಲ್ಲರೂ ಠೀಕಾಗಿ ಡ್ರೆಸ್ ಮಾಡಿಕೊಂಡು ಊಟಕ್ಕೆ ಹೋಗೋ ರಾತ್ರಿ. ಕಪ್ಪು ಸೂಟು, ಟೈ, ಕೆಳಗೆ ಕಂದು ಗಮ್‌ಬೂಟು. ಪ್ಯಾಂಟು ಬೂಟಿನ ಮೇಲೆ ಕೂರಲಿಲ್ಲ, ಒಳಗೆ ತುರುಕಲೇಬೇಕಾಯಿತು. ನಡೆದರೆ ಕಾರ್ಪೆಟ್ಟಿನ ಮೇಲೂ ಕೀಚ್ ಕೀಚ್. ಊಟದ ಹಾಲಿನ ಬಾಗಿಲಲ್ಲಿ ನಿಂತವನು ಇವರನ್ನು ತಲೆಯಿಂದ ನೋಡುತ್ತಾ ಬಂದು ಮೊಣಕಾಲಿಗೆ ನಿಂತುಬಿಟ್ಟ. ನಿಯಮದ ಪಟ್ಟಿಯಲ್ಲಿ ಚಡ್ಡಿ ಬೇಡ, ಚಪ್ಪಲಿ ಬೇಡ ಅಂತ ಇತ್ತು, ಗಮ್‌ಬೂಟಿನ ವಿಷಯ ಬರೆದಿರಲಿಲ್ಲ. ಒಳಗೆ ಬಿಟ್ಟ. ಮೇಜಿನ ಬಟ್ಟೆ ನೆಲ ಮುಟ್ಟುವಷ್ಟು ಉದ್ದ ಇತ್ತು, ನನ್ನ ಮಾನ ಅಷ್ಟರಮಟ್ಟಿಗೆ ಉಳಿಯಿತು.

ಆದರೆ ಅಲಾಸ್ಕಾದ ಕೆಚಿಕನ್ ಊರಿನಲ್ಲಿ ಆಟ ತಿರುಗಿತು. ಅಲ್ಲಿ ವರ್ಷಕ್ಕೆ 140 ಇಂಚಿಗೂ ಜಾಸ್ತಿ ಮಳೆ. ಎಷ್ಟು ಬಿತ್ತು ಅಂತ ಬಂದರಿನ ಹತ್ತಿರ ಒಂದು ದೊಡ್ಡ ಅಳತೆಯ ಫಲಕವನ್ನೇ ನಿಲ್ಲಿಸಿದ್ದಾರೆ. ನಾವು ಇಳಿದಾಗಲೂ ಸುರಿಯುತ್ತಿತ್ತು. ನೋಡಿದರೆ ಊರಿನವರ ಕಾಲಲ್ಲೆಲ್ಲ ಅದೇ ಕಂದು ರಬ್ಬರ್ ಬೂಟು! ಅದಕ್ಕೆ ಅಲಾಸ್ಕಾ ಸ್ನೀಕರ್ ಅಂತಲೇ ಕರೆಯುತ್ತಾರೆ. ನಾನೂ ಉಳಿದ ಪ್ರವಾಸಿಗರೂ ಒದ್ದೆ ಶೂಗಳಲ್ಲಿ ಪಿಚಕ್ ಪಿಚಕ್ ಅಂತ ನಡೆಯುತ್ತಿದ್ದರೆ ಇವರು ಹೊಂಡಗಳನ್ನು ಹುಡುಕಿ ಹುಡುಕಿ ಕಾಲಿಡುತ್ತಿದ್ದರು. ಹೊಳೆಯ ಮೇಲೆ ಮರದ ಕಂಬ ನೆಟ್ಟು ಕಟ್ಟಿದ ಕ್ರೀಕ್ ಸ್ಟ್ರೀಟ್ ಹತ್ತಿರ ನಮ್ಮ ಹಡಗಿನವರೇ ಒಬ್ಬರು ಬೂಟು ನೋಡಿ ಇವರನ್ನು ಸ್ಥಳೀಯರು ಅಂದುಕೊಂಡು ದಾರಿ ಕೇಳಿದರು. ಇವರು ಗಂಭೀರವಾಗಿ 'ನೇರ ಹೋಗಿ ಎಡಕ್ಕೆ' ಅಂದರು. ಅಲ್ಲಿ ಏನಿತ್ತೋ ದೇವರಿಗೇ ಗೊತ್ತು.

ಅಷ್ಟರಲ್ಲಿ ನಾನು ಫೋನ್ ನೋಡಿದೆ. ಹಡಗು ಹತ್ತೋ ಕೊನೆಯ ಸಮಯಕ್ಕೆ ಐದೇ ನಿಮಿಷ! ತಡವಾಗಿ ಬಂದವರಿಗೆ ಹಡಗು ಕಾಯೋದಿಲ್ಲ. ಕೊಡೆ ಮಡಚಿ ಓಡಿದೆವು. ಗಮ್‌ಬೂಟಿನಲ್ಲಿ ಓಡೋದು ಎಷ್ಟು ಕಷ್ಟ ಅಂತ ಅವತ್ತು ಇವರಿಗೂ ಗೊತ್ತಾಯಿತು. ಏದುಸಿರು ಬಿಡುತ್ತಾ ಏಣಿ ತಲುಪಿದರೆ ಅಲ್ಲಿದ್ದ ಸಿಬ್ಬಂದಿ ನಿಧಾನ, ಇನ್ನೂ ಒಂದು ಗಂಟೆ ಇದೆ ಅಂದರು. ಅಲಾಸ್ಕಾ ಸಮಯ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಸಮುದ್ರದ ರೋಮಿಂಗ್ ಬಿಲ್ಲಿಗೆ ಹೆದರಿ ಫೋನ್ ಏರೋಪ್ಲೇನ್ ಮೋಡ್‌ನಲ್ಲಿತ್ತು, ಅದಕ್ಕೆ ನಾವಿನ್ನೂ ಸಿಯಾಟಲ್‌ನಲ್ಲೇ ಇದ್ದೆವು. ವಾಪಸ್ ಊರು ನೋಡೋಕೆ ಹೋಗೋಣ ಅಂದರೆ ಇಬ್ಬರಿಗೂ ಕಾಲು ಬರಲಿಲ್ಲ.

ಜೂನೋದ ಮೆಂಡನ್‌ಹಾಲ್ ಹಿಮನದಿ ಚೆನ್ನಾಗಿತ್ತು. ಅದರ ಬಗ್ಗೆ ಬರೆಯೋಕೆ ಏನೂ ಇಲ್ಲ, ಯಾಕೆಂದರೆ ಅಲ್ಲಿ ಏನೂ ತಪ್ಪಾಗಲಿಲ್ಲ. ವಾಪಸ್ ಬರುವಾಗ ಒಂದು ರಾತ್ರಿ ಕೆನಡಾದ ವಿಕ್ಟೋರಿಯಾದಲ್ಲಿ ಹಡಗು ನಿಂತಿತು. ಕತ್ತಲಲ್ಲಿ ಯಾಕಪ್ಪಾ ಇಲ್ಲಿ ಅಂದರೆ, 1886ರ ಒಂದು ಅಮೆರಿಕನ್ ಕಾನೂನಂತೆ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಬೇರೆ ದೇಶದ ಬಾವುಟದ ಹಡಗು ನಡುವೆ ಎಲ್ಲಾದರೂ ಒಂದು ವಿದೇಶಿ ಬಂದರಿಗೆ ಹೋಗಲೇಬೇಕು. ಕಾನೂನಿಗೆ ಮರ್ಯಾದೆ ಕೊಟ್ಟು ಒಂದು ಸುತ್ತು ನಡೆದು ಬಂದೆವು.

ಕೊನೆಯ ರಾತ್ರಿ ಸೂಟ್‌ಕೇಸುಗಳನ್ನು ರೂಮಿನ ಹೊರಗೆ ಇಡಬೇಕು, ಅವರೇ ಇಳಿಸಿಕೊಡುತ್ತಾರೆ. ಇವರಿಗೆ ಕೊನೆಗೂ ಮೈತುಂಬ ಕೆಲಸ ಸಿಕ್ಕಿತು. ಅಚ್ಚುಕಟ್ಟಾಗಿ ಎಲ್ಲ ಮಡಚಿ, ತುಂಬಿ, ಬೀಗ ಹಾಕಿ ಹೊರಗಿಟ್ಟರು. ಬೆಳಿಗ್ಗೆ ಎದ್ದು ನೋಡಿದರೆ ಮೈಮೇಲಿನ ಚೌಕಳಿ ಪೈಜಾಮ ಬಿಟ್ಟು ಬೇರೆ ಪ್ಯಾಂಟೇ ರೂಮಿನಲ್ಲಿಲ್ಲ. ಬೂಟು ಇತ್ತು.

ಸಿಯಾಟಲ್‌ನಲ್ಲಿ ಇಮಿಗ್ರೇಶನ್ ಅಧಿಕಾರಿ ಪೈಜಾಮ ನೋಡಿದರು, ಬೂಟು ನೋಡಿದರು. 'ಮೀನು ಹಿಡಿಯೋಕೆ ಹೋಗಿದ್ರಾ?' ಅಂತ ಕೇಳಿದರು.

'ಇಲ್ಲ ಸರ್, ಮದುವೆಯ 25ನೇ ವಾರ್ಷಿಕೋತ್ಸವ' ಅಂದರು ಇವರು.

ಅಧಿಕಾರಿ ಒಂದು ಕ್ಷಣ ನನ್ನ ಮುಖ ನೋಡಿ, ಬೇರೇನೂ ಕೇಳದೆ ಪಾಸ್‌ಪೋರ್ಟ್ ವಾಪಸ್ ಕೊಟ್ಟರು.