ನಾಲ್ಕು ಬಣ್ಣ ಸಾಕು ಅಂದಿದ್ದೆ

"ನಾಲ್ಕು ಬಣ್ಣ ಸಾಕು, ಇದು ಎಂದೋ ಸಾಬೀತಾಗಿದೆ." ಮೀಟಿಂಗ್‌ನಲ್ಲಿ ನಾನೇ ಹೇಳಿದ ಮಾತು. ನೆನೆದರೆ ಇವತ್ತಿಗೂ ಚುಚ್ಚುತ್ತದೆ.

ನಮ್ಮ ಸಿಮ್ಯುಲೇಶನ್ ಗ್ರಿಡ್ ಅನ್ನು ಟೈಲ್ ಎಂಬ ಚೌಕಗಳಾಗಿ ಒಡೆದು ಲೆಕ್ಕ ಹಾಕುತ್ತದೆ; ಒಂದೇ ಬಣ್ಣದ ಟೈಲ್‌ಗಳೆಲ್ಲ ಒಟ್ಟಿಗೆ ಓಡುತ್ತವೆ. ಪಕ್ಕದ ಟೈಲ್‌ಗೆ ಅದೇ ಬಣ್ಣ ಬರಬಾರದು, ಬಂದರೆ ಒಂದರ ಲೆಕ್ಕವನ್ನು ಇನ್ನೊಂದು ಕೆಡಿಸುತ್ತದೆ. ಮೂಲೆ ತಾಗಿದರೂ ಪಕ್ಕವೇ. ಒಂದೊಂದು ಬಣ್ಣಕ್ಕೂ ಒಂದು ಸುತ್ತು (ಪಾಸ್), ಬಣ್ಣ ಜಾಸ್ತಿಯಾದಷ್ಟೂ ಪಾಸ್ ಜಾಸ್ತಿ. ಸಾಲು ಸಮವೋ ಬೆಸವೋ, ಕಾಲಂ ಸಮವೋ ಬೆಸವೋ ಎಂದು ನೋಡಿ ನಾಲ್ಕು ಬಣ್ಣ ಹಂಚಿದೆ. 16×16 ಟೆಸ್ಟ್ ಪೂರ್ತಿ ಹಸಿರು. ಟೆಸ್ಟ್ ಮೆಷಿನ್‌ನಲ್ಲಿ ಬೇರೆ ಅಳತೆ ಹಾಕಲು ಅನುಮತಿ ಕೇಳಿ ಕೇಳಿ ಸಾಕಾಗಿತ್ತು, ಬಿಟ್ಟುಬಿಟ್ಟೆ.

ಡೆಮೋ ದಿನ ಬಂದದ್ದು 15×15. ಅಂಚು ಸುತ್ತಿಕೊಳ್ಳುವ ಗ್ರಿಡ್: ಕೊನೆಯ ಕಾಲಂ ಪಕ್ಕಕ್ಕೆ ಮತ್ತೆ ಮೊದಲ ಕಾಲಂ, ಸಾಲುಗಳೂ ಹಾಗೇ. ಮೊದಲ ರನ್‌ಗೆ ಒಂದು ಉತ್ತರ, ಎರಡನೆಯದಕ್ಕೆ ಇನ್ನೊಂದು. ಗ್ರಾಹಕರು ಪರದೆ ನೋಡುತ್ತಾ ಕೂತಿದ್ದಾರೆ. ನಾನು ಮೆಮೊರಿ ಸರಿಯಿಲ್ಲ ಅಂದೆ. ಲೈಬ್ರರಿ ಹಳೆಯದು ಅಂದೆ. ಸುಮ್ನೆ ಮತ್ತೆ ಮತ್ತೆ ರನ್ ಒತ್ತಿದೆ. ಇಪ್ಪತ್ತು ನಿಮಿಷ ಹೀಗೇ ಹೋಯಿತು. ಕೊನೆಗೆ ಪಕ್ಕದಲ್ಲಿದ್ದ ಸಹೋದ್ಯೋಗಿ ಮೆಲ್ಲಗೆ ಕೇಳಿದಳು: "ಸೊನ್ನೆಯ ಕಾಲಂ, 14ರ ಕಾಲಂ, ಎರಡೂ ಸಮ ಅಲ್ವಾ?"

ಅಷ್ಟೇ. ಸುತ್ತಿಕೊಂಡಾಗ ಅವೆರಡೂ ಪಕ್ಕಪಕ್ಕ. ಬಣ್ಣವೂ ಒಂದೇ.

ಮೀಟಿಂಗ್‌ನಲ್ಲಿ ನಾನು ನೆಚ್ಚಿದ್ದ ನಾಲ್ಕು ಬಣ್ಣದ ಪ್ರಮೇಯವನ್ನು 1976ರಲ್ಲಿ ಗಣಿತಜ್ಞರಾದ ಅಪೆಲ್ ಮತ್ತು ಹಾಕೆನ್ ಸಾಬೀತು ಮಾಡಿದ್ದು ಸಮತಟ್ಟಾದ ನಕ್ಷೆಗಳಿಗೆ. ಅಲ್ಲಿ ಮೂಲೆ ತಾಗಿದರೆ ನೆರೆ ಅಲ್ಲ. ನಮ್ಮ ನಾಲ್ಕು ಬಂದದ್ದು ಬೇರೆ ಕಡೆಯಿಂದ: 2×2 ಚೌಕದಲ್ಲಿ ನಾಲ್ಕೂ ಟೈಲ್ ಒಂದನ್ನೊಂದು ತಾಗುತ್ತವೆ. ಸಂಖ್ಯೆ ಒಂದೇ ಇತ್ತೆಂದು ಎರಡನ್ನೂ ಒಂದೇ ಮಾಡಿಕೊಂಡಿದ್ದೆ.

ಆ ರಾತ್ರಿ ನಾಲ್ಕೇ ಬಣ್ಣದಲ್ಲಿ ಮುಗಿಸುವ ಹಟದಿಂದ ಬ್ಯಾಕ್‌ಟ್ರ್ಯಾಕಿಂಗ್ (ಬಣ್ಣ ಹಾಕುತ್ತಾ ಹೋಗಿ, ಸಿಕ್ಕಿಬಿದ್ದರೆ ಹಿಂದೆ ಬಂದು ಬದಲಿಸುವ ಹುಡುಕಾಟ) ಓಡಲು ಬಿಟ್ಟು ಮನೆಗೆ ಹೋದೆ. ಬೆಳಿಗ್ಗೆಯೂ ಓಡುತ್ತಲೇ ಇತ್ತು. ಅವಳು ಕಾಗದದ ಮೇಲೆ ಎಣಿಸಿ ತೋರಿಸಿದಳು. ಪಕ್ಕಪಕ್ಕದ ಎರಡು ಸಾಲುಗಳಲ್ಲಿ ಒಟ್ಟು ಒಂದು ಬಣ್ಣ 7 ಸಲಕ್ಕಿಂತ ಜಾಸ್ತಿ ಕೂರದು. ಅಂಥ ಜೋಡಿ 15, ಪ್ರತಿ ಸಾಲೂ ಎರಡು ಜೋಡಿಯಲ್ಲಿ ಬರುತ್ತದೆ. ಹಾಗಾಗಿ ಒಂದು ಬಣ್ಣಕ್ಕೆ ಹೆಚ್ಚೆಂದರೆ 15×7ರಲ್ಲಿ ಅರ್ಧ, ಅಂದರೆ 52 ಟೈಲ್. ನಾಲ್ಕು ಬಣ್ಣಕ್ಕೆ 208. ನಮ್ಮಲ್ಲಿರುವುದು 225. ಐದನೆಯದು ಬೇಕೇ ಬೇಕು.

ಐದರಲ್ಲಿ ಎಷ್ಟು ಚೆಂದ ಕೂತಿತು! ಸಾಲಿನ ಸಂಖ್ಯೆಯ ಎರಡರಷ್ಟಕ್ಕೆ ಕಾಲಂ ಸಂಖ್ಯೆ ಕೂಡಿಸಿ, 5ರಿಂದ ಭಾಗಿಸಿದರೆ ಉಳಿಯುವ ಶೇಷವೇ ಬಣ್ಣ. ಅಂಚಿನಲ್ಲೂ ತಪ್ಪಿಲ್ಲ.

ಮುಂದಿನ ಗ್ರಿಡ್ 17×17. ಅದು 5ರಿಂದ ಭಾಗವಾಗುವುದಿಲ್ಲ, ಈ ಸೂತ್ರ ಅಂಚಿನಲ್ಲಿ ಕೂರುತ್ತದೋ ಇಲ್ಲವೋ ಮೊದಲು ಎಣಿಸಿ ನೋಡಬೇಕು. ಅಂಥ ಅಳತೆ ಬಂದರೆ ರನ್ ಶುರುವಾಗದೆ ನಿಲ್ಲುವ ಹಾಗೆ ಮೊದಲ ಸಾಲಿನಲ್ಲೇ ಚೆಕ್ ಹಾಕಿದ್ದೇನೆ. ಕಾಗದ, ಪೆನ್ಸಿಲ್ ಮೇಜಿನ ಮೇಲಿವೆ.